ಮೂಗಯ್ಯನ ತಲೆಗಲ್ಲು

ಮೂಗಯ್ಯನ ಮೇಲೆ ಬಿದ್ದ ಕಲ್ಲು ಹಡಗು ಹತ್ತಿ ಹೋಯಿತು. ಮೂಗಯ್ಯ ಕಲ್ಮಾಳದ ಕೇರಿಯ ಸುಡುಗಾಡು ಸೇರಿದ.

ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿ. ಅಲ್ಲಿ ಕಡಿದ ಕಲ್ಲನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಆ ದೇಶದಲ್ಲಿ ಯಾರಾದರೂ ಸತ್ತರೆ ಗೋರಿಯ ತಲೆಯ ಕಡೆ ಈ ಕಲ್ಲು ನಿಲ್ಲಿಸಿ ಹೆಸರು ಕೆತ್ತಿಸುತ್ತಾರಂತೆ. ಮೇಸ್ತ್ರಿಯ ಬಾಯಲ್ಲಿ ಇದನ್ನು ಕೇಳಿದ ದಿನ ಮೂಗಯ್ಯ ಮನೆಗೆ ಬಂದು ಹೆಂಡತಿ ದೊಡ್ಡಮಾದಮ್ಮನ ಮುಂದೆ ನಕ್ಕಿದ್ದೇ ನಕ್ಕಿದ್ದು.

"ವರ್ಸೊಂಬತ್ತು ಕಾಲ ಹೆಣಗಳಿಗೆ ಕಲ್ಲು ಕಡೀತೀನಿ ಕಣಮ್ಮಿ. ಒಂದು ಹೆಣನಾದ್ರೂ ಬಂದು, ಏನ್ ಮೂಗಯ್ಯ ಉಂಡಾ ಅಂತ ಕೇಳ್ತಾ ನೋಡು."

ಕ್ರೇನಿನ ಸರಪಣಿ ಹರಿದ ದಿನ ಬಂಡೆ ಜಾರಿ ಬಂದು ಅವನ ಎದೆಯಿಂದ ಕೆಳಗೆಲ್ಲವನ್ನೂ ಅರೆಯಿತು. ಬೇರೆ ಕ್ರೇನ್ ತರಿಸಿದರು. ಮೆಲ್ಲಗೆ, ಮೂಲೆ ಒಡೆಯದ ಹಾಗೆ, ಬಂಡೆ ಎತ್ತಿದರು. ಮೊದಲು ಬಂಡೆಯ ಸುತ್ತ ಬಂದು ನೋಡಿದರು. ಬಂಡೆಗೆ ಏನೂ ಆಗಿರಲಿಲ್ಲ. ಆಮೇಲೆ ಮೂಗಯ್ಯನನ್ನು ನೋಡಿದರು. ಬಂಡೆಯನ್ನು ತೊಳೆದು ಲಾರಿಗೆ ಹತ್ತಿಸಿದರು. ಮೂಗಯ್ಯನನ್ನು ಗೋಣಿತಾಟಿನಲ್ಲಿ ಸುತ್ತಿ ಟೆಂಪೋಗೆ ಹಾಕಿದರು.

ಕಲ್ಮಾಳ ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಕಡೆಗೆ ಸಿಗುವ ಊರು. ಊರು ಮೇಲೆ, ಕೇರಿ ಕೆಳಗೆ, ಕೇರಿಯ ಆಚೆ ಗೋಮಾಳ. ಗೋಮಾಳದ ಇಳಿಜಾರಿನಲ್ಲಿ ಕೇರಿಯವರ ಸುಡುಗಾಡು. ಸುಡುಗಾಡು ಅನ್ನುವ ಹೆಸರಷ್ಟೇ. ಸುಡಲು ಸೌದೆಗೆ ಗತಿಯಿಲ್ಲ, ಹೂಳುತ್ತಾರೆ. ಹೂತು, ನರಿ ಕೆದರದ ಹಾಗೆ ಮೇಲೆ ಮುಳ್ಳು ಹಾಕಿ ಗುಂಡುಕಲ್ಲು ಹೇರುತ್ತಾರೆ. ಕೇರಿಯ ಹೆಣಕ್ಕೆ ತಲೆಗಲ್ಲು ನಿಲ್ಲಿಸುವ ಹಾಗಿಲ್ಲ. ಅದು ಊರಿನ ಕಟ್ಟಲೆ. ಹೇರಿದ ಕಲ್ಲು ಉರುಳಿಹೋಗುತ್ತದೆ, ಮುಳ್ಳು ಗೆದ್ದಲು ತಿನ್ನುತ್ತದೆ, ಆಡು ತುಳಿದು ಗುಡ್ಡೆ ನೆಲಸಮ ಆಗುತ್ತದೆ. ನಿಲ್ಲಿಸಿದ ಕಲ್ಲು ಹಾಗಲ್ಲ. ನಿಂತ ಕಲ್ಲು, ಈ ನೆಲ ನಂದು ಅನ್ನುತ್ತದೆ. ಊರಿನವರಿಗೆ ಆ ಭಯ.

ಎರಡು ಮಳೆಗಾಲಕ್ಕೆ ಮೂಗಯ್ಯ ಎಲ್ಲಿದ್ದಾನೆ ಅನ್ನುವುದು ದೊಡ್ಡಮಾದಮ್ಮ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳಿಗೂ ಒಂದೊಂದು ಸಲ ಅನುಮಾನ. ತಂಗಡಿ ಗಿಡದಿಂದ ಈಚೆಗೋ ಆಚೆಗೋ?

ಆಗಲೇ ಗೋಮಾಳಕ್ಕೆ ಡ್ರಿಲ್ಲಿಂಗ್ ಲಾರಿ ಬಂತು.

ಬೋರ್‌ವೆಲ್ ಲಾರಿಯಲ್ಲ. ಅದರ ಅಪ್ಪನಂಥದ್ದು. ತಿರುಚೆಂಗೋಡಿನ ತಮಿಳು ಹುಡುಗರು ಅದರ ಜೊತೆ ಬಂದು ಟೆಂಟು ಹಾಕಿದರು. ಸುಧಾಕರ್ ಅನ್ನುವ ಇಂಜಿನಿಯರ್ ಬಂದ. ಊರಿನ ಯಜಮಾನ ಗುರುಪಾದಸ್ವಾಮಿ, ಗೋಮಾಳ ತನ್ನ ಅಪ್ಪನ ಗಂಟು ಅನ್ನುವ ಹಾಗೆ ಕಂಪನಿಗೆ ತೋರಿಸಿಕೊಟ್ಟ, ಕೂಲಿ ಆಳು ಒದಗಿಸುವ ಕಂಟ್ರಾಕ್ಟನ್ನೂ ಹಿಡಿದುಕೊಂಡ.

ಇಸ್ಕೂಲಿನ ಬಯಲಲ್ಲಿ ಮೀಟಿಂಗ್ ಆಯಿತು. ಊರಿನವರು ಜಮಖಾನದ ಮೇಲೆ, ಕೇರಿಯವರು ಬಿಸಿಲಲ್ಲಿ. ಸುಧಾಕರ್ ಒಳ್ಳೆಯ ಮಾತುಗಾರ. ನೆಲದೊಳಗೆ ಆಳಕ್ಕೆ ಹೋದ ಹಾಗೆಲ್ಲ ಬಂಡೆ ಬಿಸಿಯಾಗುತ್ತದೆ. ಒಂದು ತೂತಿನಿಂದ ತಣ್ಣೀರು ಬಿಟ್ಟರೆ ಬಂಡೆಯ ಬಿರುಕಿನಲ್ಲಿ ಹಾದು, ಕಾದು, ಇನ್ನೊಂದು ತೂತಿನಿಂದ ಹಬೆಯಾಗಿ ಬರುತ್ತದೆ. ಹಬೆಯಿಂದ ಕರೆಂಟು. ಹೊಗೆಯಿಲ್ಲ, ಕಲ್ಲಿದ್ದಲಿಲ್ಲ. ಈಗ ಇದು ಪರೀಕ್ಷೆ ಮಾತ್ರ. ಕೊರೆದು, ಒಳಗಿನ ಕಲ್ಲು ತೆಗೆದು, ಬಿಸಿ ನೋಡುವುದು.

ಮಲ್ಲಾಜಮ್ಮ ದೊಡ್ಡಮಾದಮ್ಮನಿಗೆ ಪಕ್ಕದ ಮನೆಯವಳು. ಬಾಯಿಯ ಎಲೆಅಡಿಕೆ ಒಂದು ಕಡೆಗೆ ದೂಡಿ ಕೇಳಿದಳು, "ನೆಲದೊಳಗ ಒಲೆ ಹತ್ಕಂಡು ಉರೀತಾ ಅದಂತೆ. ಉಣ್ಣಕ್ಕೆ ಯಾರ ಕರೆದಾರಂತಮ್ಮಿ?"

"ನಮ್ಮ ಕರೆದಾರು, ಬೂದಿ ಬಳಿಯಕ್ಕೆ," ಅಂದಳು ದೊಡ್ಡಮಾದಮ್ಮ.

ಕರೆದದ್ದು ಕೆಸರು ಬಳಿಯಲಿಕ್ಕೆ. ಮಿಶಿನ್ನು ಕೊರೆಯುವಾಗ ತೂತಿನೊಳಕ್ಕೆ ಅದೇನೋ ಪುಡಿ ಕಲಸಿದ ನೀರು ಬಿಡುತ್ತಿದ್ದರು. ಅದು ಬೂದು ಬಣ್ಣದ ಕೆಸರಾಗಿ ಮೇಲೆ ಬರುತ್ತಿತ್ತು. ಕೇರಿಯ ಗಂಡಸರು ಅದಕ್ಕೆ ಗುಂಡಿ ತೋಡಿದರು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಕಿದರು. ಕೊಳವೆಯ ಒಳಗಿನಿಂದ ಕಲ್ಲು ಬರುತ್ತಿತ್ತು. ತೋಳಿನ ಗಾತ್ರ, ದುಂಡಗೆ, ಕಡೆದು ಇಟ್ಟ ಹಾಗೆ. ತಮಿಳು ಹುಡುಗರು ಕೊಳವೆಗೆ ಮರದ ಸುತ್ತಿಗೆಯಲ್ಲಿ ತಟ್ಟಿದರೆ ಕರು ಹಾಕಿದಂತೆ ಸುಯ್ಯನೆ ಜಾರುತ್ತಿತ್ತು. ಅದರ ಮೈಯ ಕೆಸರು ತೊಳೆದು, ಮೇಲಿನದು ಮೇಲೆ ಕೆಳಗಿನದು ಕೆಳಗೆ ಬರುವ ಹಾಗೆ ತಗಡಿನ ಟ್ರೇಗಳಲ್ಲಿ ಜೋಡಿಸುವುದು ದೊಡ್ಡಮಾದಮ್ಮನ ಕೆಲಸ, ಮಲ್ಲಾಜಮ್ಮನ ಕೆಲಸ.

ಬೆಳಗಿನಿಂದ ಬೈಗಿನ ತನಕ ಕುಕ್ಕುರುಗಾಲು. ಮಂಡಿ ಹಿಡಿದರೆ ಏಳಲು ಇನ್ನೊಬ್ಬರ ಕೈ ಬೇಕು. ಆ ಕೆಸರು ಬೆರಳ ಸಂದಿಗೆ ಹೋಗಿ ಚರ್ಮ ಸುಲಿಯಿತು. ಉಗುರು ಕಪ್ಪಾಗಿ ಉದುರಿದವು. ಅನ್ನಕ್ಕೆ ಕೈ ಹಾಕಿದರೆ ಉಪ್ಪು ಉರಿಯುತ್ತಿತ್ತು, ಸೌಟಿನಲ್ಲಿ ಉಂಡರು. ಕೈಗೆ ಹಾಕುವ ರಬ್ಬರ್ ಗವುಸು ಬಂದಿತ್ತು. ಅದನ್ನು ಗುರುಪಾದಸ್ವಾಮಿಯ ಮನೆಯಲ್ಲಿ ಸಗಣಿ ಬಾಚಲು ಇಟ್ಟುಕೊಂಡರು. ಕುಡಿಯುವ ನೀರಿನ ಕ್ಯಾನು ಟೆಂಟಿನೊಳಗೆ. ಕೇರಿಯವರು ಬೊಗಸೆ ಒಡ್ಡಿ ನಿಂತರೆ ಊರಿನ ವಾಚ್‌ಮನ್ ಮೇಲಿಂದ ಹುಯ್ಯುತ್ತಿದ್ದ. ತಮಿಳು ಹುಡುಗನೊಬ್ಬ ತನ್ನ ಲೋಟ ಚಾಚಿ, "ಕುಡಿ ಅಕ್ಕಾ" ಅಂದಾಗ ವಾಚ್‌ಮನ್ ಅವನ ಕೈ ಹಿಡಿದು, "ಇಲ್ಲಿ ಅದೆಲ್ಲ ಇಲ್ಲ ತಂಬಿ" ಎಂದು ಕಲಿಸಿಕೊಟ್ಟ. ಅವನೂ ಕಲಿತ.

ಕೊರೆತ ಆಳಕ್ಕೆ ಇಳಿದ ಹಾಗೆ ಕಲ್ಲು ಬೆಚ್ಚಗೆ ಬರತೊಡಗಿತು. ಒಂದು ದಿನ ಬಂದ ಕಲ್ಲನ್ನು ಎತ್ತಿಕೊಂಡ ದೊಡ್ಡಮಾದಮ್ಮ ಕೈಯನ್ನು ಅದರ ಮೇಲೆ ಹಾಗೇ ಇಟ್ಟುಕೊಂಡಳು. ಜ್ವರ ಬಂದ ಕೂಸಿನ ಬೆನ್ನಿನ ಹಾಗೆ ಇತ್ತು.

"ಮಲ್ಲಾಜಕ್ಕಾ, ಇದಕ್ಕೆ ಜೀವ ಅದ."

"ಇದ್ರೆ ಇರ್ಲಿ ಬುಡು. ಅದಕ್ಕೂ ಕೂಲಿ ಕೊಡದೆ ದುಡಿಸ್ಕತಾರೆ."

ಆ ಕಲ್ಲು ಕಪ್ಪಗೆ, ಮೂಗಯ್ಯ ಕಡಿಯುತ್ತಿದ್ದ ಕ್ವಾರಿ ಕಲ್ಲಿನ ಕಪ್ಪು. ಉದ್ದಕ್ಕೂ ಒಂದು ಸೀಳು ಓಡಿತ್ತು, ಕೂದಲೆಳೆಯಷ್ಟು. ಸುಧಾಕರ್ ಅದನ್ನು ಟ್ರೇಗೆ ಇಡಗೊಡಲಿಲ್ಲ. ತಾನೇ ತೆಗೆದು, ಪಕ್ಕದಲ್ಲಿ ಒಂದು ಗೋಣಿಚೀಲದ ಮೇಲೆ ಬೇರೆ ಮಡಗಿ, ಫೋನ್ ಬಂತೆಂದು ಜೀಪಿನ ಕಡೆ ಹೋದವನು ಗುಂಡ್ಲುಪೇಟೆಗೆ ಹೊರಟುಬಿಟ್ಟ.

ಇಲ್ಲಿ ಆದದ್ದು ಇಷ್ಟು. ಕ್ವಾರಿಯಲ್ಲಿ ಸೀಳು ಬಂದ ಕಲ್ಲು ವೇಸ್ಟು. ಮೇಸ್ತ್ರಿ ಬಂದು ನೀರು ಚಿಮುಕಿಸಿ ನೋಡುತ್ತಾನೆ, ಸೀಳು ಕಂಡರೆ ಪಕ್ಕಕ್ಕೆ ತಳ್ಳಿಸುತ್ತಾನೆ. ಪಕ್ಕಕ್ಕೆ ತಳ್ಳಿದ ಕಲ್ಲನ್ನು ಯಾರು ಬೇಕಾದರೂ ಒಯ್ಯಬಹುದು. ಕೇಳಬೇಕಾಗಿಲ್ಲ. ಕೇಳಿದರೆ ಮೇಸ್ತ್ರಿ ನಗುತ್ತಾನೆ. ಕಲ್ಮಾಳದ ಕೇರಿಯ ಗೋಡೆ, ಹೊಸಿಲು, ಬಟ್ಟೆ ಒಗೆಯುವ ಹಾಸು ಎಲ್ಲ ಸೀಳುಗಲ್ಲು. ಕೇರಿಯವರ ಬದುಕಿಗೆ ಬರುವುದೇ ಪಕ್ಕಕ್ಕಿಟ್ಟದ್ದು. ದೊಡ್ಡಮಾದಮ್ಮ ಸೀಳು ನೋಡಿದಳು. ಪಕ್ಕಕ್ಕಿಟ್ಟದ್ದು ನೋಡಿದಳು. ಕೆಲಸ ಬಿಟ್ಟ ಮೇಲೆ ಕೆಸರಿನ ಬುಟ್ಟಿಯಲ್ಲಿ ಅದನ್ನಿಟ್ಟು, ತಲೆ ಮೇಲೆ ಹೊತ್ತು, ಎಲ್ಲರೂ ನೋಡುವ ಹಾಗೆ ನಡೆದಳು. ವಾಚ್‌ಮನ್ ಬೀಡಿ ಸೇದುತ್ತಿದ್ದ. ಕೇರಿಯ ಹೆಂಗಸಿನ ಬುಟ್ಟಿಯಲ್ಲಿ ಏನಿದೆ ಅಂತ ಯಾವನು ನೋಡುತ್ತಾನೆ?

ತಂಗಡಿ ಗಿಡದ ಹತ್ತಿರ ಕುಡುಗೋಲಿನ ತುದಿಯಲ್ಲಿ ಗುಂಡಿ ತೋಡಿದಳು. ಅರ್ಧ ನೆಲದೊಳಗೆ, ಅರ್ಧ ಮೇಲೆ. ಸುತ್ತ ಚಕ್ಕೆ ಕಲ್ಲು ಬಡಿದು ಬಿಗಿ ಮಾಡಿದಳು. ಹೊತ್ತು ಮುಳುಗುತ್ತಿತ್ತು. ಕಲ್ಲಿಗೆ ಒರಗಿ ಕೂತಳು.

"ನೋಡ್ದಾ?" ಅಂದಳು ನೆಲದ ಕಡೆ. "ಹಡಗು ಹತ್ತದ ಕಲ್ಲು."

ಮಾರನೆಯ ದಿನ ಸುಧಾಕರ್ ಹುಚ್ಚನಾಗಿದ್ದ. ಟ್ರೇಗಳನ್ನೆಲ್ಲ ಎಳೆದು ಹಾಕಿದ. ತಮಿಳು ಹುಡುಗರಿಗೆ ಬೈದ. ದೊಡ್ಡಮಾದಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು.

"ಆ ಸೀಳು ಬಂದ ಕಲ್ಲಾ ಬುದ್ಧಿ? ನಾನೇ ಒಯ್ದೆ. ವೇಸ್ಟಲ್ವಾ ಅದು?"

"ವೇಸ್ಟಾ!" ಸುಧಾಕರ್ ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ತಾಯಿ, ಇಷ್ಟು ದಿನ ಕೊರೆದದ್ದು ಆ ಸೀಳಿಗೇ. ಸೀಳಿಲ್ಲದಿದ್ದರೆ ಬಂಡೆಯಲ್ಲಿ ನೀರು ಎಲ್ಲಮ್ಮ ಓಡುತ್ತೆ? ಮೇಲಿನವರು ಬರ್ತಾರೆ, ಅದನ್ನೇ ತೋರಿಸಬೇಕು ನಾನು."

ದೊಡ್ಡಮಾದಮ್ಮನಿಗೆ ನಗುವೇ ಬಂತು. ಕಲ್ಲಿನ ಲೋಕದಲ್ಲಿ ಸೀಳಿಗೆ ಬೆಲೆ ಬಂದದ್ದನ್ನು ಅವಳು ಈಗಲೇ ನೋಡಿದ್ದು. ಅವನನ್ನು ಸುಡುಗಾಡಿಗೆ ಕರೆದುಕೊಂಡು ಹೋದಳು. ಸುಧಾಕರ್ ನಿಂತ ಕಲ್ಲು ನೋಡಿದ. ಮಣ್ಣು ನೋಡಿದ. ಅವಳ ಉಗುರಿಲ್ಲದ ಬೆರಳು ನೋಡಿದ.

"ಯಾರದು?"

"ನಮ್ಮನೆಯವ್ರದು."

ಆಮೇಲೆ ದೊಡ್ಡಮಾದಮ್ಮನೇ ಹೇಳಿದಳು. "ನಿಮ್ಮ ಕಲ್ಲ ನೀವು ತಗಳಿ ಬುದ್ಧಿ. ಬದಲಿಗೆ ಬ್ಯಾರೆ ಒಂದ ಕೊಡಿ. ನಿಮಗೆ ಬ್ಯಾಡದ್ದು ಯಾವುದಾದ್ರೂ. ನಾನೇ ಇದ ಕಿತ್ತು ಅದ ನೆಡ್ತೀನಿ."

"ಕೊಡ್ತೀನಿ," ಅಂದ ಸುಧಾಕರ್. "ಮೇಲಿನ ಪದರದ್ದು ಎಷ್ಟೋ ಇದೆ. ಸಾಯಂಕಾಲ ಬದಲಾಯಿಸಿಬಿಡಿ. ಯಾರಿಗೂ ಹೇಳಬೇಡಿ."

ಅಲ್ಲಿಗೆ ಮುಗಿಯಬೇಕಿತ್ತು. ಕಲ್ಲಿಗೆ ಕಲ್ಲು. ಅವನ ಕಲ್ಲು ಅವನಿಗೆ, ಅವಳ ಗಂಡನಿಗೆ ಒಂದು ಕಲ್ಲು. ಆದರೆ ವಾಚ್‌ಮನ್ ಇವರಿಬ್ಬರು ಸುಡುಗಾಡಿನ ಕಡೆ ಹೋದದ್ದನ್ನು ನೋಡಿದ್ದ. ಮಧ್ಯಾಹ್ನದ ಹೊತ್ತಿಗೆ ಗುರುಪಾದಸ್ವಾಮಿಯ ಬುಲೆಟ್ಟು ಗೋಮಾಳದಲ್ಲಿ ಗುಡುಗಿತು. ಅವನಿಗೆ ಸೀಳು ಬೇಕಿರಲಿಲ್ಲ, ಬಿಸಿಯೂ ಬೇಕಿರಲಿಲ್ಲ. ಅವನು ಬೈಕಿನಿಂದ ಇಳಿಯದೆ ನೋಡಿದ್ದು ಒಂದನ್ನೇ.

"ಕಲ್ಲು ನಿಲ್ಸವ್ಳೆ."

ಸಂಜೆ ಅರಳಿಕಟ್ಟೆಯಲ್ಲಿ ನ್ಯಾಯ. ಕಟ್ಟೆಯ ಮೇಲೆ ಗುರುಪಾದಸ್ವಾಮಿ, ಊರಿನ ನಾಲ್ಕು ಜನ. ಸುಧಾಕರನಿಗೆ ಪ್ಲಾಸ್ಟಿಕ್ ಕುರ್ಚಿ. ಕೇರಿಯವರು ಕೆಳಗೆ, ಚಪ್ಪಲಿ ಕೈಯಲ್ಲಿ. ದೊಡ್ಡಮಾದಮ್ಮ ಮುಂದೆ. ಅವಳ ಹಿಂದೆ ಮೈದುನ ಶಿವಸ್ವಾಮಿ, ಮೂಗಯ್ಯನ ತಮ್ಮ. ಅವನಿಗೂ ಡ್ರಿಲ್ಲಿಂಗ್‌ನಲ್ಲೇ ಕೂಲಿ.

"ಏನಮ್ಮಿ, ಕಂಪನಿ ಮಾಲು ಕದ್ದಾ?"

"ಕದೀನಿಲ್ಲ ಬುದ್ಧಿ. ವೇಸ್ಟು ಅಂತ ಒಯ್ದೆ."

"ಒಯ್ದು ಏನ್ ಮಾಡ್ದೆ? ಮೆಣಸಿನಕಾಯಿ ಅರೆದಾ?" ಕಟ್ಟೆ ನಕ್ಕಿತು. "ನಿನ್ನ ಗಂಡನ ತಲೆ ಮೇಲೆ ಲಿಂಗದಂಗೆ ನಿಲ್ಸಿದೀಯ. ಇವತ್ತು ಒಂದು ಕಲ್ಲು. ನಾಳೆ ಕೇರಿಯೋರೆಲ್ಲ ನಿಲ್ಸಿ, ಗೋಮಾಳ ನಮ್ಮದು ಅಂತೀರ. ನಮಗೆ ತಿಳಿಯಕಿಲ್ವಾ?"

"ಇಂಜಿನೀರ್ ಬುದ್ಧಿಯೋರು ಬದಲಿ ಕಲ್ಲು ಕೊಡ್ತೀನಿ ಅಂದವ್ರೆ. ಕೇಳಿ ಬೇಕಾರೆ."

ಎಲ್ಲರೂ ಸುಧಾಕರನ ಕಡೆ ತಿರುಗಿದರು. ಸುಧಾಕರ್ ಮೊಬೈಲ್ ತೆಗೆದು ಅದರಲ್ಲಿ ಏನೋ ಒತ್ತಿದ. ಗುರುಪಾದಸ್ವಾಮಿಯ ಆಳಿಲ್ಲದೆ ಅವನ ಮಿಶಿನ್ನು ಒಂದು ದಿನ ಓಡುವುದಿಲ್ಲ.

"ಅದು... ಊರಿನ ಪದ್ಧತಿ ಅಂದ್ರೆ ನಾನು ಮಧ್ಯೆ ಬರಲ್ಲ," ಅಂದ. "ನಮಗೆ ನಮ್ಮ ಸ್ಯಾಂಪಲ್ ಸಿಕ್ಕಿದ್ರೆ ಸಾಕು."

ತೀರ್ಪು ಬಂತು. ದೊಡ್ಡಮಾದಮ್ಮ ತನ್ನ ಕೈಯಾರೆ ಆ ಕಲ್ಲು ಕೀಳಬೇಕು. ತಲೆ ಮೇಲೆ ಹೊತ್ತು, ಊರ ಬೀದಿಯಲ್ಲಿ ಬರಬೇಕು. ಕಟ್ಟೆ ಮುಂದೆ ಅಡ್ಡ ಬೀಳಬೇಕು. ಬದಲಿ ಕಲ್ಲು ಗಿಲ್ಲು ಏನೂ ಇಲ್ಲ. ಆಗುವುದಿಲ್ಲ ಅಂದರೆ ಕೇರಿಯ ಒಂದು ಆಳಿಗೂ ನಾಳೆಯಿಂದ ಕೆಲಸವಿಲ್ಲ. ಡ್ರಿಲ್ಲಿಂಗ್‌ನಲ್ಲೂ ಇಲ್ಲ, ಊರ ಹೊಲದಲ್ಲೂ ಇಲ್ಲ.

"ಕೀಳಕಿಲ್ಲ," ಅಂದಳು ದೊಡ್ಡಮಾದಮ್ಮ.

"ಏನಂದೆ?"

"ಕೀಳಕಿಲ್ಲ ಅಂದೆ. ಬದಲಿ ಕೊಟ್ಟಿದ್ರೆ ಕೀಳ್ತಿದ್ದೆ. ಈಗ ಕೀಳಕಿಲ್ಲ. ಅವನು ಸತ್ತಾಗ ಕ್ವಾರಿಯೋರು ಬಂಡೆ ಮೂಲೆ ಒಡದದು ಅಂತ ಕ್ರೇನ್ ತಂದು ಎತ್ತುದ್ರು. ಇದಕ್ಕೂ ತನ್ನಿ. ನನ್ನ ಕೈಲಿ ಆಗಕಿಲ್ಲ."

ಕಟ್ಟೆಯ ಮೇಲಿಂದ ಒಬ್ಬ ಜಿಗಿದ. ಅವನಿಗಿಂತ ಮೊದಲು ಶಿವಸ್ವಾಮಿ ಮುಂದೆ ಬಂದ. ಅತ್ತಿಗೆಯ ಕೆನ್ನೆಗೆ ಹೊಡೆದ. ಇನ್ನೊಂದು ಹೊಡೆದ. ಊರಿನ ಕೈ ಅವಳ ಮೇಲೆ ಬಿದ್ದರೆ ಅದು ಕೆನ್ನೆಯಲ್ಲಿ ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಹೊಡೆತ ಹೊಡೆತವೇ.

"ನಾನು ಕಿತ್ಕಂಡು ಬತ್ತೀನಿ ಬುದ್ಧಿ," ಅಂದ ಶಿವಸ್ವಾಮಿ ಕಟ್ಟೆಗೆ ಕೈ ಮುಗಿದು. "ಅವಳು ಹೆಂಗಸು. ತಿಳೀದು. ನಾನೇ ಒತ್ಕಂಡು ಬೀದೀಲಿ ಬತ್ತೀನಿ. ಕೆಲಸ ಒಂದು ತೆಗೀಬ್ಯಾಡಿ."

ಗುರುಪಾದಸ್ವಾಮಿ ಅಡಿಕೆ ಕಡಿದ. "ಅವಳು ನಾಳೆಯಿಂದ ಬರಕೂಡದು. ನೀನು ಓಗ್ಲಾ."

ದೊಡ್ಡಮಾದಮ್ಮ ಸುಡುಗಾಡಿಗೆ ಓಡಿದಳು. ಕಲ್ಲನ್ನು ಎರಡೂ ತೋಳಿನಲ್ಲಿ ತಬ್ಬಿ ಕೂತಳು. ಶಿವಸ್ವಾಮಿ ಹಾರೆ ತಂದ.

"ಏಳಿ ಅತ್ತಗೆ."

"ನಿಮ್ಮಣ್ಣನ ತಲೆ ಕಣ್ಲಾ ಇದು."

"ಗೊತ್ತು. ನನ್ನ ಮಕ್ಕಳ ಹೊಟ್ಟೆನೂ ಗೊತ್ತು. ಏಳಿ."

ಇಬ್ಬರು ಗಂಡಸರು ಅವಳ ರಟ್ಟೆ ಹಿಡಿದು ಎಳೆದರು. ಇಬ್ಬರೂ ಕೇರಿಯವರೇ. ಸೀರೆ ಹರಿಯಿತು. ಶಿವಸ್ವಾಮಿ ಬುಡಕ್ಕೆ ಹಾರೆ ಕೊಟ್ಟು ಮೀಟಿದ. ಅವಳು ಬಿಗಿಯಾಗಿ ನೆಟ್ಟಿದ್ದಳು. ಅವನು ಮೈಭಾರ ಹಾಕಿ ಮೀಟಿದ. ಕಲ್ಲು ಬರಲಿಲ್ಲ, ಸೀಳಿನ ಉದ್ದಕ್ಕೂ ಟಕ್ಕೆಂದು ಎರಡು ಹೋಳಾಯಿತು. ಶಿವಸ್ವಾಮಿ ಎರಡನ್ನೂ ಬಗೆದು ತೆಗೆದು, ಟವೆಲಿನಲ್ಲಿ ಕಟ್ಟಿ, ತಲೆ ಮೇಲೆ ಇಟ್ಟುಕೊಂಡು ಊರ ಬೀದಿಯಲ್ಲಿ ನಡೆದ. ಕಟ್ಟೆ ಮುಂದೆ ಅಡ್ಡ ಬಿದ್ದ. ಸುಧಾಕರ್ ಹೋಳುಗಳನ್ನು ಕೂಡಿಸಿ ನೋಡಿ ಜೀಪಿನಲ್ಲಿಟ್ಟ.

ಮೂಗಯ್ಯನ ತಲೆಯ ಹತ್ತಿರ ಗುಂಡಿ ಉಳಿಯಿತು. ಮಲ್ಲಾಜಮ್ಮ ಮಣ್ಣು ಎಳೆಯಲು ಬಂದಾಗ ದೊಡ್ಡಮಾದಮ್ಮ ತಡೆದಳು.

"ಇರ್ಲಿ ಬುಡಕ್ಕ. ಎಲ್ಲವ್ನೆ ಅಂತಾದ್ರೂ ಗೊತ್ತಾಗ್ಲಿ."

ಅವಳಿಗೆ ಊರಲ್ಲಿ ಕೆಲಸ ಸಿಗಲಿಲ್ಲ. ಗುಂಡ್ಲುಪೇಟೆ ಆಚೆಯ ಮದ್ದೂರಿನ ಕಾಡಿನಲ್ಲಿ, ಕಾಡ್ಗಿಚ್ಚು ದಾಟದ ಹಾಗೆ ಫಾರೆಸ್ಟಿನವರು ಮಾಡಿಸುವ ಬೆಂಕಿರೇಖೆ ಸವರಲು ಹೋದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಬರುವಾಗ ಕತ್ತಲು. ಶಿವಸ್ವಾಮಿ ಬೀದಿಯಲ್ಲಿ ಸಿಕ್ಕರೆ ತಲೆ ತಗ್ಗಿಸುತ್ತಿದ್ದ. ಅವಳು ಅವನ ಹೆಂಡತಿಯ ಜೊತೆ ಮಾತಾಡುತ್ತಿದ್ದಳು, ಅವನ ಜೊತೆಗಿಲ್ಲ.

ಮೇಲಿನವರು ಕಾರಿನಲ್ಲಿ ಬಂದರು. ನೋಡಿದರು. ಬಿಸಿ ಸಾಲದು ಅಂದರು. ಇನ್ನೂ ಎಷ್ಟೋ ಆಳಕ್ಕೆ ಹೋಗಬೇಕಂತೆ, ಅಷ್ಟಕ್ಕೆ ಈಗ ಯಾರ ಹತ್ತಿರವೂ ದುಡ್ಡಿಲ್ಲವಂತೆ. ತೂತಿಗೆ ಕಬ್ಬಿಣದ ಮುಚ್ಚಳ ಹಾಕಿ ಸಿಮೆಂಟು ಮೆತ್ತಿದರು. ಮಿಶಿನ್ನು ಸತ್ಯಮಂಗಲದ ರಸ್ತೆ ಹಿಡಿಯಿತು. ತಗಡಿನ ಟ್ರೇಗಳು ಬೇಕಾಗಿದ್ದವು, ಕಲ್ಲು ಬೇಕಾಗಿರಲಿಲ್ಲ. ಹೆಂಗಸರು ಉಗುರು ಕಳೆದುಕೊಂಡು ಜೋಡಿಸಿದ ಕಲ್ಲನ್ನೆಲ್ಲ, ಮೇಲಿನದು ಯಾವುದು ಕೆಳಗಿನದು ಯಾವುದು ಅನ್ನದೆ, ಕೆಸರಿನ ಗುಂಡಿಯ ಪಕ್ಕ ಸುರಿದು ಹೋದರು. ಆ ಎರಡು ಹೋಳೂ ಅದರಲ್ಲೇ ಎಲ್ಲೋ ಇದ್ದವು.

ಗುಡ್ಡೆಯಷ್ಟು ಕಲ್ಲು. ಎಲ್ಲವೂ ವೇಸ್ಟು. ಕೇರಿಯ ಒಬ್ಬರೂ ಒಂದನ್ನೂ ಮುಟ್ಟಲಿಲ್ಲ.

ಮುಟ್ಟಿದ್ದು ಗುರುಪಾದಸ್ವಾಮಿ. ಕಂಪನಿ ಇದ್ದಾಗ ಗೋಮಾಳ ಅವನದು ಅನ್ನುವ ಹಾಗೆ ಮಾತು ನಡೆದಿತ್ತು. ಕಂಪನಿ ಹೋದ ಮೇಲೆ ಮಾತು ಹಾಗೇ ಉಳಿಯಿತು. ತಾಲ್ಲೂಕಾಫೀಸಿನಲ್ಲಿ ಅದಕ್ಕೆ ಏನು ಬೇಕೋ ಅದೂ ಆಯಿತು. ಸುತ್ತ ಗಡಿಕಲ್ಲು ನೆಡಿಸಲು ಹೊರಟ. ದುಂಡಗಿನ, ಒಂದೇ ಗಾತ್ರದ ಕಲ್ಲು ಪುಕ್ಕಟೆ ಬಿದ್ದಿತ್ತಲ್ಲ. ಒಂದೊಂದರ ತಲೆಗೂ ಕೆಂಪು ಬಣ್ಣ ಬಳಿಸಿದ. ಗುಂಡಿ ತೋಡಲು ಕೇರಿಯ ಆಳುಗಳನ್ನೇ ಕರೆದ. ಹಗ್ಗ ಹಿಡಿದು ಗೆರೆ ಎಳೆದರು. ಗೆರೆ ಸುಡುಗಾಡಿನ ನಡುವೆ ಹಾದು ಹೋಯಿತು. ಯಾರ ಅಜ್ಜ ಯಾರ ಕೂಸು ಗೆರೆಯ ಒಳಗೋ ಹೊರಗೋ ಅಂತ ಕೇಳುವವರು ಯಾರೂ ಇರಲಿಲ್ಲ.

ತಂಗಡಿ ಗಿಡದ ಹತ್ತಿರ ಬಂದಾಗ ಹಗ್ಗ ಹಿಡಿದವನು, "ಇಲ್ಲಿ ಗುಂಡಿ ಆಗ್ಲೇ ತೋಡಿ ಅದೆ ಕಣ್ಲಾ. ನೆಡು," ಅಂದ. ಶಿವಸ್ವಾಮಿ ನಿಂತ. ಹಗ್ಗದ ಆ ತುದಿಯಲ್ಲಿ ಬುಲೆಟ್ಟಿಗೆ ಒರಗಿ ಗುರುಪಾದಸ್ವಾಮಿ ನಿಂತಿದ್ದ. ಶಿವಸ್ವಾಮಿ ಕಲ್ಲು ಇಳಿಸಿದ. ಸುತ್ತ ಸಿಮೆಂಟು ಸುರಿದ.

ಬೆಂಕಿರೇಖೆಯ ಕೆಲಸವಿಲ್ಲದ ಭಾನುವಾರ ದೊಡ್ಡಮಾದಮ್ಮ ಸುಡುಗಾಡಿಗೆ ಬಂದಳು. ಅಷ್ಟು ದೂರದಲ್ಲಿ ಇನ್ನೂ ಕಲ್ಲು ನೆಡುತ್ತಿದ್ದರು. ಗಂಡನ ತಲೆಯ ಹತ್ತಿರ ಕಪ್ಪು ಕಲ್ಲು ನಿಂತಿತ್ತು. ನೆಟ್ಟಗೆ. ಅವಳು ನೆಟ್ಟದ್ದಕ್ಕಿಂತ ಎತ್ತರಕ್ಕೆ. ಒಂದು ಗಳಿಗೆ, ಯಾರೋ ಪುಣ್ಯಾತ್ಮರು, ಅಂದುಕೊಂಡಳು. ಆಮೇಲೆ ಕೆಂಪು ಬಣ್ಣ ಕಂಡಿತು. ಅದರಾಚೆ ಇನ್ನೊಂದು ಕಲ್ಲು ಕಂಡಿತು, ಅದರಾಚೆ ಇನ್ನೊಂದು. ತಿರುಗಿ ನೋಡಿದಳು. ಹಿಂದೆಯೂ ಹಾಗೇ ಸಾಲು.

ಕಲ್ಲನ್ನು ಎರಡು ಕೈಯಲ್ಲೂ ಹಿಡಿದು ಎಳೆದಳು. ಬಿಸಿಲಿಗೆ ಕಾದ ಕಲ್ಲು ಅಂಗೈ ಸುಟ್ಟಿತು. ಬಿಡಲಿಲ್ಲ. ಅತ್ತ ಅಲುಗಿಸಿದಳು, ಇತ್ತ ಅಲುಗಿಸಿದಳು. ಕಾಲನ್ನು ನೆಲಕ್ಕೆ ಕೊಟ್ಟು, ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದಳು. ಕೈ ಜಾರಿ ಹಿಂದಕ್ಕೆ ಬಿದ್ದಳು. ಎದ್ದು ಮತ್ತೆ ಹಿಡಿದಳು. ಶಿವಸ್ವಾಮಿ ಹಾರೆ ಹಿಡಿದೇ ಓಡಿ ಬಂದ.

"ಬುಡಿ ಅತ್ತಗೆ. ಸಿಮೆಂಟು ಕಚ್ಕಬುಟ್ಟದೆ. ಬರಕಿಲ್ಲ."

ಅವಳು ಎಳೆಯುತ್ತಲೇ ಇದ್ದಳು.

"ಅವತ್ತು ಕೀಳಕಿಲ್ಲ ಅಂತ ಅಷ್ಟು ಹೊಡ್ತ ತಿಂದ್ರಿ. ಇವತ್ತು ಅಣ್ಣನ ತಲೆಗೆ ಕಲ್ಲು ಬಂದದೆ, ಕೀಳ್ತೀರಲ್ಲ."

"ಅವತ್ತಿಂದು ನಿಮ್ಮಣ್ಣನ್ದು ಕಣ್ಲಾ. ಇದು ಅವನ್ದು."

ದೂರದಲ್ಲಿ ಬುಲೆಟ್ಟಿನ ಸದ್ದು ಕೇಳಿತು. ಉಳಿದ ಆಳುಗಳು ಬಗ್ಗಿ ಗುಂಡಿ ತೋಡತೊಡಗಿದರು. ದೊಡ್ಡಮಾದಮ್ಮ ಏದುಸಿರು ಬಿಡುತ್ತಾ ಕಲ್ಲಿಗೆ ಹಣೆ ಕೊಟ್ಟು ನಿಂತಳು. ಆಮೇಲೆ ಮೈದುನನ ಮುಖ ನೋಡಿದಳು. ಅಷ್ಟು ದಿನದ ಮೇಲೆ ಮೊದಲ ಸಲ ನೋಡಿದ್ದು.

"ಹಾರೆ ಕೊಡು."

ಶಿವಸ್ವಾಮಿ ಹಾರೆಯನ್ನು ಬೆನ್ನ ಹಿಂದಕ್ಕೆ ಹಿಡಿದುಕೊಂಡ.